ಹಬ್ಬಕ್ಕೆ ಬಂದ ಉಡುಗೊರೆ: ಯಾವುದನ್ನು ಒಲೆಗೇರಿಸಬಹುದು, ಯಾವುದನ್ನು ಬೇಡ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು, ವಯಸ್ಸು 58. ಅಡುಗೆ ಮತ್ತು ಕಸೂತಿ ಎರಡೂ ನನ್ನ ಜೀವ. ಅದು ಗೊತ್ತಿದ್ದೇ ಈ ದೀಪಾವಳಿಗೆ ಮನೆಯವರೆಲ್ಲ ಅವಕ್ಕೆ ಬೇಕಾದ ಸಾಮಾನುಗಳನ್ನೇ ಉಡುಗೊರೆ ಕೊಟ್ಟಿದ್ದಾರೆ. ಅಮೆರಿಕದಲ್ಲಿರುವ ಮಗ ಹಿಟ್ಟು ನಾದುವ ದೊಡ್ಡ ಸ್ಟ್ಯಾಂಡ್ ಮಿಕ್ಸರ್ ತಂದಿದ್ದಾನೆ (ಕೆಳಗೆ 120 ವೋಲ್ಟ್, 60 ಹರ್ಟ್ಸ್, 325 ವ್ಯಾಟ್ ಎಂದಿದೆ). ಸೊಸೆ ಚೌಕಳಿ ಬಟ್ಟೆ, ದಾರ, ಫ್ರೇಮು ಇರುವ ಕಸೂತಿ ಕಿಟ್ ಕೊಟ್ಟಿದ್ದಾಳೆ. ಬೆಂಗಳೂರಿನ ಮಗಳದ್ದು ಬೀಡಿನ (ಎರಕ ಹೊಯ್ದ ಕಬ್ಬಿಣದ) ದೋಸೆ ಹಂಚು. ನಾದಿನಿ ಹಿತ್ತಾಳೆ ಬೋಗುಣಿ, ತಂಗಿಯ ಮಗಳು ರೆಸಿನ್ (ಗಾಜಿನಂತೆ ಗಟ್ಟಿಯಾಗುವ ದ್ರವ) ಕಿಟ್. ಹಂಚಿನಲ್ಲಿ ದೋಸೆ ಏಳಲೇ ಇಲ್ಲ. ರಾತ್ರಿಯಿಡೀ ನೀರಲ್ಲಿ ನೆನೆಸಿಟ್ಟೆ, ಬೆಳಿಗ್ಗೆ ಕೆಂಪಗೆ ತುಕ್ಕು ಹಿಡಿದಿತ್ತು. ಪಕ್ಕದ ಮನೆಯವರು "ತುಕ್ಕು ಹಿಡದ ಹಂಚು ವಿಷ ಇದ್ದಂಗ, ಒಗೀರಿ ಅತ್ಲಾಗ" ಅನ್ನುತ್ತಾರೆ. ಅವರೇ ಹಿತ್ತಾಳೆ ವಿಷಯಕ್ಕೆ "ನಮ್ಮವ್ವ ಹಿತ್ತಾಳಿ ಬೋಗುಣ್ಯಾಗ ಸಾರು ಮಾಡ್ತಿದ್ಲು, ಏನಾಗಿತ್ತು?" ಅನ್ನುತ್ತಾರೆ. ಮಿಕ್ಸರಿಗೆ ಅಂಗಡಿಯವನು ಅಂಗೈಯಗಲದ ಕನ್ವರ್ಟರ್ ತೋರಿಸಿದ. ರೆಸಿನ್‌ನಲ್ಲಿ ನನ್ನ ಕಸೂತಿ ತುಂಡುಗಳನ್ನು ಹಾಕಿ ಚಹಾ ಲೋಟದ ಕೆಳಗಿಡುವ ಬಿಲ್ಲೆ ಮಾಡು ಎಂದು ತಂಗಿಯ ಮಗಳ ಒತ್ತಾಯ. ಬಳಸಲು ಭಯ, ಬಳಸದಿದ್ದರೆ ಕೊಟ್ಟವರಿಗೆ ಬೇಸರ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ: ಈ ಸಾಮಾನುಗಳಿಂದ ಅಪಾಯವಾದೀತೇ ಎನ್ನುವುದು ಒಂದು, ಕೊಟ್ಟವರ ಮನಸ್ಸು ನೋಯಿಸದೆ ಇರುವುದು ಹೇಗೆ ಎನ್ನುವುದು ಇನ್ನೊಂದು. ಗೃಹವಿಜ್ಞಾನ ಕಲಿಸುವ ನನ್ನಂಥವರಿಗೆ ಹಬ್ಬ, ಮದುವೆ ಸೀಸನ್ ಮುಗಿದ ಮೇಲೆ ಇಂಥ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಹವ್ಯಾಸ ಇರುವವರಿಗೆ ಉಡುಗೊರೆ ಕೊಡುವವರು ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ನಿಮ್ಮ ಅಡುಗೆಮನೆಯ ಕರೆಂಟು ಎಂಥದ್ದು, ನಿಮ್ಮ ಮನೆಯಲ್ಲಿ ಹುಳಿ ಎಷ್ಟು ಬಳಸುತ್ತೀರಿ, ನಿಮ್ಮ ಕೈ ಯಾವ ಬಟ್ಟೆಗೆ ಪಳಗಿದೆ ಎನ್ನುವುದು ಅವರಿಗೆ ತಿಳಿದಿರುವುದಿಲ್ಲ. ಅದನ್ನು ಹೊಂದಿಸಿಕೊಳ್ಳುವ ಕೆಲಸ ನಿಮ್ಮದು. ನೀವು ಹೇಳಿದ ಐದರಲ್ಲಿ ಒಂದನ್ನೂ ಎಸೆಯಬೇಕಿಲ್ಲ. ಆದರೆ ಐದನ್ನೂ ಕೊಟ್ಟವರು ಅಂದುಕೊಂಡ ಕೆಲಸಕ್ಕೇ ಹಚ್ಚಬೇಕೆಂದೂ ಇಲ್ಲ.

ಹಂಚಿನಿಂದ ಶುರು ಮಾಡುತ್ತೇನೆ. ಅದರ ಬಗ್ಗೆಯೇ ನಿಮಗೆ ಹೆಚ್ಚು ಹೆದರಿಸಿದ್ದಾರೆ, ಹೆದರಬೇಕಾದ್ದು ಮಾತ್ರ ಏನೂ ಇಲ್ಲ.

ತುಕ್ಕು ಎಂದರೆ ಕಬ್ಬಿಣ, ಗಾಳಿಯ ಆಮ್ಲಜನಕ, ನೀರು ಮೂರೂ ಸೇರಿ ಆದದ್ದು. ಹಂಚಿನ ಮೇಲೆ ಒಂದು ರಾತ್ರಿಯಲ್ಲಿ ಕಾಣಿಸಿಕೊಳ್ಳುವ ತುಕ್ಕು ವಿಷವಲ್ಲ. ಅದರಿಂದ ಧನುರ್ವಾಯು ಬರುತ್ತದೆ ಎಂದು ಹೆದರುವವರೂ ಇದ್ದಾರೆ. ಧನುರ್ವಾಯು ತರುವ ಬ್ಯಾಕ್ಟೀರಿಯಾ ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ. ಮಣ್ಣಲ್ಲಿ ಬಿದ್ದ ತುಕ್ಕು ಮೊಳೆ ಕಾಲಿಗೆ ಚುಚ್ಚಿದಾಗ ಬರುವ ಅಪಾಯವನ್ನು ಅಡುಗೆಮನೆಯ ಹಂಚಿಗೆ ಹೊರಿಸಿದ್ದಾರೆ ಅಷ್ಟೇ. ತುಕ್ಕು ಇದ್ದರೆ ದೋಸೆ ಅಂಟುತ್ತದೆ, ಬಣ್ಣ ಕೆಡುತ್ತದೆ, ಬಾಯಿಗೆ ಲೋಹದ ಒಗರು ಬರುತ್ತದೆ. ಹಾಗಾಗಿ ತೆಗೆಯಬೇಕು.

ಇನ್ನು ದೋಸೆ ಏಳದ ವಿಷಯ. ಡಬ್ಬದ ಮೇಲೆ "ಮೊದಲೇ ಪಳಗಿಸಿದ್ದು" ಎಂದು ಬರೆದಿರುತ್ತದೆ, ನಿಮ್ಮ ಡಬ್ಬದ ಮೇಲೂ ಇದ್ದಿರಬೇಕು. ಕಾರ್ಖಾನೆಯಲ್ಲಿ ಹಂಚಿಗೆ ಎಣ್ಣೆ ಸವರಿ ಭಟ್ಟಿಯಲ್ಲಿ ಕಾಯಿಸಿರುತ್ತಾರೆ, ನಿಜ. ಆದರೆ ಆ ಪದರ ತೀರಾ ತೆಳು. ಅಂಗಡಿಯಲ್ಲಿ ತುಕ್ಕು ಹಿಡಿಯದಂತೆ ಕಾಯಲು ಅಷ್ಟು ಸಾಕು, ದೋಸೆ ಹುಯ್ಯಲು ಸಾಲದು. ಪಳಗಿಸುವುದು ಎಂದರೆ ಏನಾಗುತ್ತದೆ ಎಂದು ತಿಳಿದರೆ ಉಳಿದದ್ದೆಲ್ಲ ಸುಲಭ. ತೆಳ್ಳಗೆ ಸವರಿದ ಎಣ್ಣೆ ಹೊಗೆಯಾಡುವಷ್ಟು ಕಾದಾಗ ಗಾಳಿಯ ಆಮ್ಲಜನಕದ ಜೊತೆ ಸೇರಿ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಲೋಹಕ್ಕೆ ಕಚ್ಚಿಕೊಂಡ ಗಟ್ಟಿ ಕಪ್ಪು ಪೊರೆಯಾಗುತ್ತದೆ. ಆಮೇಲೆ ಅದು ಎಣ್ಣೆಯಾಗಿ ಉಳಿದಿರುವುದಿಲ್ಲ. ಹಾಗಾಗಿ ಪಾತ್ರೆ ತೊಳೆಯುವ ಈಗಿನ ಸೋಪು ಅದನ್ನು ಕರಗಿಸಲಾರದು. "ಬೀಡಿಗೆ ಸೋಪು ಮುಟ್ಟಿಸಬಾರದು" ಎಂಬ ಮಾತು ಸೋಪಿನಲ್ಲಿ ಕಾಸ್ಟಿಕ್ ಸೋಡಾ ಉಳಿದಿರುತ್ತಿದ್ದ ಕಾಲದ್ದು, ಆ ಕಾಲಕ್ಕೆ ಅದು ಸರಿಯೇ ಇತ್ತು. ಈಗ ಪೊರೆಯನ್ನು ತಿನ್ನುವುದು ರಾತ್ರಿಯಿಡೀ ನೆನೆಸುವುದು, ಹುಣಸೆ-ಟೊಮೆಟೊ ಕುದಿಸುವುದು, ಸ್ಟೀಲ್ ನಾರಿನಿಂದ ದಿನಾ ಉಜ್ಜುವುದು.

ಹೀಗೆ ಮಾಡಿ. ಒಂದು ಸಲ ಮಾತ್ರ ಸ್ಟೀಲ್ ನಾರು, ಸೋಪು ಹಾಕಿ ಕೆಂಪು ಪೂರ್ತಿ ಹೋಗುವ ತನಕ ತಿಕ್ಕಿ ತೊಳೆಯಿರಿ. ಬಟ್ಟೆಯಲ್ಲಿ ಒರೆಸಿ ತಕ್ಷಣ ಸಣ್ಣ ಉರಿಗೆ ಇಡಿ. ಬೀಡಿನ ಸೂಕ್ಷ್ಮ ರಂಧ್ರಗಳಲ್ಲಿ ಉಳಿದ ನೀರು ಬಟ್ಟೆಗೆ ಬರುವುದಿಲ್ಲ, ಕಾವಿಗೇ ಆರಬೇಕು. ಬೆಚ್ಚಗಾದ ಹಂಚಿಗೆ ಅರ್ಧ ಚಮಚ ಶೇಂಗಾ ಎಣ್ಣೆಯನ್ನೋ ಸೂರ್ಯಕಾಂತಿ ಎಣ್ಣೆಯನ್ನೋ ಹಚ್ಚಿ, ಮೇಲೆ, ಕೆಳಗೆ, ಹಿಡಿಗೆ ಎಲ್ಲ ಕಡೆ ಸವರಿ. ಆಮೇಲೆ ಒಣ ಹತ್ತಿ ಬಟ್ಟೆಯಿಂದ ಎಣ್ಣೆ ಹಚ್ಚಿಯೇ ಇಲ್ಲವೇನೋ ಅನ್ನಿಸುವ ತನಕ ಒರೆಸಿಬಿಡಿ. ಬಹಳ ಜನ ಎಡವುವುದು ಇಲ್ಲೇ. ಎಣ್ಣೆ ದಪ್ಪಗೆ ಉಳಿದರೆ ಅದು ಗಟ್ಟಿ ಪೊರೆಯಾಗದೆ ಅಂಟಂಟಾಗಿ, ಬೆರಳಿಗೆ ಹತ್ತುವ ಜಿಡ್ಡಾಗಿ ಕೂರುತ್ತದೆ. ಕಿಟಕಿ ತೆರೆದು ಹಂಚನ್ನು ಒಲೆಯ ಮೇಲೆ ಹೊಗೆ ಬಂದು ನಿಲ್ಲುವ ತನಕ ಕಾಯಿಸಿ, ತಾನಾಗಿ ಆರಲು ಬಿಡಿ. ಇದನ್ನೇ ಮೂರು ನಾಲ್ಕು ಸಲ ಮಾಡಿ. ಅಗಸೆ ಎಣ್ಣೆಯೇ ಶ್ರೇಷ್ಠ ಎಂದು ಕೆಲವರು ಹೇಳುತ್ತಾರೆ. ಅದು ಬೇಗ ಗಟ್ಟಿಯಾಗುತ್ತದೆ, ಹೊಳಪೂ ಚೆನ್ನ. ಆದರೆ ಚಕ್ಕೆಯಾಗಿ ಏಳುವುದನ್ನು ನಾನು ತುಂಬ ಕಂಡಿದ್ದೇನೆ. ಮನೆಯ ಶೇಂಗಾ ಎಣ್ಣೆಯೇ ಸಾಕು.

ಮೊದಲ ವಾರ ತೆಳು ದೋಸೆಗೆ ಹೋಗಬೇಡಿ. ಎಣ್ಣೆ ಧಾರಾಳವಾಗಿ ಹಾಕಿ ಈರುಳ್ಳಿ ಉತ್ತಪ್ಪ, ತಾಲಿಪಟ್ಟು ಮಾಡಿ. ಪ್ರತಿ ಸಲವೂ ಪೊರೆ ಸ್ವಲ್ಪ ಸ್ವಲ್ಪ ಕಟ್ಟುತ್ತದೆ. ಬೀಡು ನಿಧಾನವಾಗಿ ಕಾಯುತ್ತದೆ, ಕಾವು ಎಲ್ಲ ಕಡೆ ಹರಡಲೂ ಸಮಯ ಬೇಕು. ಮಧ್ಯಮ ಉರಿಯಲ್ಲಿ ಐದಾರು ನಿಮಿಷ ಕಾಯಿಸಿ ನಾಲ್ಕು ಹನಿ ನೀರು ಚಿಮುಕಿಸಿ. ಹನಿಗಳು ಚುಂಯ್ ಎಂದು ಆರಿದರೆ ಹಿಟ್ಟು ಹಾಕಬಹುದು. ಉರುಳಾಡುತ್ತ ಓಡಿದರೆ ಹಂಚು ಅತಿಯಾಗಿ ಕಾದಿದೆ, ಉರಿ ತಗ್ಗಿಸಿ ಕಾಯಿರಿ. ಅತಿ ಕಾದ ಹಂಚಿನ ಮೇಲೆ ಹಿಟ್ಟು ಹರಡುವ ಮೊದಲೇ ಕಚ್ಚುತ್ತದೆ. ಬಿಸಿ ಹಂಚನ್ನು ನಲ್ಲಿಯ ಕೆಳಗೆ ಮಾತ್ರ ಹಿಡಿಯಬೇಡಿ, ಬೀಡು ಸೀಳುತ್ತದೆ. ಸೀಳಿದ ಬೀಡಿಗೆ ಮದ್ದಿಲ್ಲ.

ನಿಮ್ಮ ಕಡೆಯವರಿಗೆ ಇನ್ನೊಂದು ಮಾತು ಹೇಳಲೇಬೇಕು: ಈ ಹಂಚಿನ ಮೇಲೆ ಜೋಳದ ರೊಟ್ಟಿ ಬೇಡ. ರೊಟ್ಟಿಗೆ ಬೇಕಾದ್ದು ಎಣ್ಣೆಯಿಲ್ಲದ ದೊಡ್ಡ ಕಾವು, ಮೇಲೆ ನೀರಿನ ಕೈ. ಆ ಒಣ ಕಾವಿಗೆ ದೋಸೆಗಾಗಿ ಕಟ್ಟಿದ ಪೊರೆ ಸುಟ್ಟು ಹೋಗುತ್ತದೆ. ರೊಟ್ಟಿ ಹಂಚು ಬೇರೆ, ದೋಸೆ ಹಂಚು ಬೇರೆ ಎಂದು ಹಿರಿಯರು ಇಟ್ಟುಕೊಂಡದ್ದಕ್ಕೆ ಇದೇ ಕಾರಣ. ಮನೆಯಲ್ಲಿ ಯಾರಿಗಾದರೂ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ಇದ್ದರೆ, ಅಥವಾ ದೇಹದಲ್ಲಿ ಕಬ್ಬಿಣ ಹೆಚ್ಚಾಗಿ ಸೇರುವ ತೊಂದರೆ ಇದ್ದರೆ, ಕಬ್ಬಿಣದ ಪಾತ್ರೆಯ ಅಡುಗೆ ಕೊಡುವ ಮೊದಲು ವೈದ್ಯರನ್ನು ಕೇಳಿ. ಉಳಿದವರಿಗೆ ಇದರಿಂದ ಕೇಡಿಲ್ಲ.

ಹಿತ್ತಾಳೆ ಬೋಗುಣಿಯ ಮಾತು ಬೇರೆ. ಪಕ್ಕದ ಮನೆಯವರ ಎರಡನೆಯ ಸಲಹೆಯನ್ನು ನೀವು ಕೇಳಬಾರದು. ಅವರ ಅವ್ವ ಹಿತ್ತಾಳೆಯಲ್ಲಿ ಸಾರು ಮಾಡಿದ್ದು ನಿಜವೇ ಇರಬೇಕು, ಆದರೆ ಆ ಬೋಗುಣಿಗೆ ಒಳಗೆ ಕಲಾಯಿ, ಅಂದರೆ ತವರದ ಲೇಪ, ಇದ್ದಿರಬೇಕು. ಕಲಾಯಿ ಹಾಕುವವರು ವರ್ಷಕ್ಕೊಮ್ಮೆ ಓಣಿಗೆ ಬಂದು ತಿದಿ ಊದುತ್ತ ಕೂತಿರುತ್ತಿದ್ದರು, ಮನೆಮನೆಯ ಪಾತ್ರೆಗಳು ಅಲ್ಲಿಗೆ ಹೋಗುತ್ತಿದ್ದವು. ಅವರು ಬರುವುದು ನಿಂತಿತು. ಹಿತ್ತಾಳೆಯಲ್ಲಿ ಅಡುಗೆ ಮಾಡುತ್ತಿದ್ದರೆಂಬ ನೆನಪು ಉಳಿಯಿತು, ಕಲಾಯಿಯ ನೆನಪು ಹೋಯಿತು.

ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಹುಣಸೆ, ಟೊಮೆಟೊ, ನಿಂಬೆ, ಮೊಸರು, ಮಜ್ಜಿಗೆ ಇವುಗಳ ಹುಳಿಗೆ ಎರಡೂ ಲೋಹ ಕರಗಿ ಅಡುಗೆಗೆ ಇಳಿಯುತ್ತವೆ. ಬೋಗುಣಿಯ ಅಂಚಿನಲ್ಲಿ ಹಸಿರಾಗಿ ಕಾಣುವ ಕಿಲುಬು ಹೀಗೆ ತಾಮ್ರ ತಿಂದುಹೋದದ್ದರ ಗುರುತು. ಅಂಥ ಅಡುಗೆ ಉಂಡವರಿಗೆ ಸ್ವಲ್ಪ ಹೊತ್ತಿನಲ್ಲೇ ಓಕರಿಕೆ, ವಾಂತಿ, ಹೊಟ್ಟೆ ನುಲಿತ ಬರಬಹುದು. ನಮ್ಮ ಕಡೆಯ ಸಾರು, ಹುಳಿ, ಗೊಜ್ಜು ಯಾವುದನ್ನು ತೆಗೆದುಕೊಂಡರೂ ಹುಳಿ ಇದ್ದದ್ದೇ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಇವನ್ನು ಮಾಡಲೇಬಾರದು, ಮಾಡಿಟ್ಟ ಸಾರನ್ನು ಸುರಿದಿಡಲೂಬಾರದು.

ನಿಮ್ಮ ಬೋಗುಣಿ ಯಾವ ಬಗೆಯದು ಎಂದು ನೋಡಿ. ಒಳಗೆ ಬೆಳ್ಳಿಯಂತೆ ಬಿಳುಪಿದ್ದರೆ ಕಲಾಯಿ ಇದೆ. ಒಳಗೂ ಹೊರಗೂ ಒಂದೇ ಹಳದಿ ಇದ್ದರೆ ಇಲ್ಲ. ಈಗ ಉಡುಗೊರೆ ಅಂಗಡಿಗಳಲ್ಲಿ ಸಿಗುವ ಹಿತ್ತಾಳೆಗೆ ಹೊಳಪು ಮಾಸದಂತೆ ಮೇಲೆ ಮೆರುಗೆಣ್ಣೆ ಬಳಿದಿರುವುದೂ ಉಂಟು. ಇದನ್ನು ತಿಳಿಯಲು ತಳದ ಒಂದು ಮೂಲೆಗೆ ನೆನೆದ ಹುಣಸೆಹಣ್ಣು ಉಜ್ಜಿ ಐದು ನಿಮಿಷ ಬಿಟ್ಟು ತೊಳೆಯಿರಿ. ಉಜ್ಜಿದ ಜಾಗ ಬೇರೆಯಾಗಿ ತಿಳಿ ಬಣ್ಣಕ್ಕೆ ತಿರುಗಿದರೆ ಬರಿಯ ಲೋಹ. ಏನೂ ವ್ಯತ್ಯಾಸವಾಗದೆ ನೀರು ಮಣಿಯಾಗಿ ಜಾರಿದರೆ ಮೇಲೆ ಬಣ್ಣದ ಪದರವಿದೆ. ಪದರವಿರುವ ಪಾತ್ರೆ ಅಲಂಕಾರದ್ದು, ಅದನ್ನು ಒಲೆಗೆ ಏರಿಸಬೇಡಿ.

ಬರಿಯ ಲೋಹವಾಗಿದ್ದರೆ ಕಲಾಯಿ ಹಾಕಿಸಬಹುದು. ಪಾತ್ರೆಯನ್ನು ಬೆಂಕಿಯಲ್ಲಿ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ಮುಟ್ಟಿಸಿ, ಅರಳೆಯಿಂದ ಒಳಗೆಲ್ಲ ಸವರುತ್ತಾರೆ. ಬಿಳಿ ಹೊಗೆ ಎದ್ದು ಹಳದಿ ಒಳಮೈ ಒಂದೇ ಕ್ಷಣದಲ್ಲಿ ಬೆಳ್ಳಗಾಗುವುದನ್ನು ನೋಡುವುದೇ ಒಂದು ಚೆಂದ. ಇಲ್ಲಿ ಒಂದು ಅಪಾಯ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ತವರ ದುಬಾರಿ, ಸೀಸ ಅಗ್ಗ. ತವರಕ್ಕೆ ಸೀಸ ಬೆರೆಸಿದರೆ ಇನ್ನೂ ಕಡಿಮೆ ಕಾವಿಗೇ ಕರಗಿ ಸಲೀಸಾಗಿ ಹರಡುತ್ತದೆ, ಬೆಸುಗೆ ಹಾಕುವ ತಂತಿ ಇಂಥದ್ದೇ ಮಿಶ್ರಣ. ಸೀಸ ದೇಹಕ್ಕೆ, ಅದರಲ್ಲೂ ಮಕ್ಕಳಿಗೆ ಮತ್ತು ಬಸುರಿಯರಿಗೆ, ಎಷ್ಟು ಸ್ವಲ್ಪ ಹೋದರೂ ಕೆಟ್ಟದ್ದು. ಹಾಕಿದ ಕಲಾಯಿಯನ್ನು ನೋಡಿ ಸೀಸ ಇದೆಯೇ ಎಂದು ಹೇಳಲು ನನಗೂ ಆಗದು, ನಿಮಗೂ ಆಗದು. ಹಾಗಾಗಿ ತಲೆಮಾರಿನಿಂದ ಇದೇ ಕೆಲಸ ಮಾಡುವ, ಶುದ್ಧ ತವರವನ್ನೇ ಬಳಸುತ್ತೇನೆ ಎಂದು ಕಡ್ಡಿ ತೋರಿಸಿ ಕಣ್ಣೆದುರೇ ಹಾಕಿಕೊಡುವವರು ಸಿಕ್ಕರೆ ಮಾತ್ರ ಹಾಕಿಸಿ. ಕಡಿಮೆ ದುಡ್ಡಿಗೆ ಮಾಡಿಕೊಡುತ್ತೇನೆ ಎಂದವರ ಹತ್ತಿರ ಬೇಡ.

ಹಾಕಿಸಿದ ಮೇಲೂ ಒಂದೆರಡು ಎಚ್ಚರ ಬೇಕು. ತವರ 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಖಾಲಿ ಬೋಗುಣಿ ಗ್ಯಾಸ್ ಉರಿಯ ಮೇಲೆ ಆ ಕಾವು ಮುಟ್ಟಲು ಹೆಚ್ಚು ಹೊತ್ತು ಬೇಡ. ಆದ್ದರಿಂದ ನೀರೋ ಹಾಲೋ ಹಾಕಿದ ಮೇಲೆಯೇ ಒಲೆ ಹಚ್ಚಿ. ಒಗ್ಗರಣೆಯನ್ನು ಬೇರೆ ಸೌಟಿನಲ್ಲಿ ಮಾಡಿ ಸುರಿಯಿರಿ, ಕರಿಯುವುದು ಬೇಡವೇ ಬೇಡ. ಮರದ ಸೌಟು ಬಳಸಿ. ಒಳಗೆ ಎಲ್ಲಾದರೂ ಹಳದಿ ಇಣುಕಿತೆಂದರೆ ಕಲಾಯಿ ಸವೆದಿದೆ, ಮತ್ತೆ ಹಾಕಿಸುವ ತನಕ ಹುಳಿ ಅಡುಗೆ ನಿಲ್ಲಿಸಿ. ಇಷ್ಟು ಜಾಗ್ರತೆಯಿಂದ ಮಾಡಿದ ಗೋಧಿ ಹುಗ್ಗಿ, ತಿಳಿ ಸಾರು ನಿಜಕ್ಕೂ ಚೆನ್ನಾಗಿರುತ್ತವೆ. ದಪ್ಪ ತಳ, ಸಮನಾಗಿ ಹರಡುವ ಕಾವು ಅದಕ್ಕೆ ಕಾರಣ. ನಂಬಿಗಸ್ತ ಕಲಾಯಿಯವರು ಸಿಗದಿದ್ದರೆ ಬೋಗುಣಿಯಲ್ಲಿ ಅಕ್ಕಿ, ಬೇಳೆ ತುಂಬಿಡಿ. ಬಾಗಿಲ ಬಳಿ ನೀರು ತುಂಬಿ ಹೂ ತೇಲಿಬಿಟ್ಟರೂ ಆದೀತು. ನಾದಿನಿ ಮನೆಗೆ ಬಂದಾಗ ಅದು ಕಣ್ಣೆದುರಿಗೇ ಇರುತ್ತದೆ.

ಮಿಕ್ಸರಿಗೆ ಬರೋಣ. ಅಂಗಡಿಯವನು ತೋರಿಸಿದ ಅಂಗೈಯಗಲದ ಕನ್ವರ್ಟರ್ ಖಂಡಿತ ಬೇಡ. ಅಮೆರಿಕದ ಮನೆಗಳಲ್ಲಿ ಬರುವುದು 120 ವೋಲ್ಟ್, 60 ಹರ್ಟ್ಸ್. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಪಿನ್ ಬದಲಿಸಿ ನೇರವಾಗಿ ಹಾಕಿದರೆ ಹೆಚ್ಚುಕಡಿಮೆ ಎರಡರಷ್ಟು ವೋಲ್ಟೇಜ್ ನುಗ್ಗಿ ವೇಗ ನಿಯಂತ್ರಿಸುವ ಸರ್ಕ್ಯೂಟ್, ಮೋಟರಿನ ಸುರುಳಿ ಸುಟ್ಟು ಹೋಗುತ್ತವೆ. ಪಿನ್ ಮಾತ್ರ ಬದಲಿಸುವ ಅಡಾಪ್ಟರ್ ವೋಲ್ಟೇಜನ್ನು ಏನೂ ಮಾಡುವುದಿಲ್ಲ ಎಂಬುದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ನೀವಿಲ್ಲದಾಗ ಯಾರಾದರೂ ಉತ್ಸಾಹದಿಂದ ಸಿಕ್ಕಿಸಿಬಿಡುತ್ತಾರೆ. ಹಗುರ ಕನ್ವರ್ಟರ್‌ಗಳು ಇಸ್ತ್ರಿ ಪೆಟ್ಟಿಗೆ, ಕೂದಲು ಒಣಗಿಸುವ ಡ್ರೈಯರ್‌ನಂಥ ಕಾಯುವ ಉಪಕರಣಗಳನ್ನು ಪ್ರಯಾಣದಲ್ಲಿ ನಾಲ್ಕು ನಿಮಿಷ ನಡೆಸಲು ಮಾಡಿದವು. ಮೇಲೆ 1600 ವ್ಯಾಟ್ ಎಂದು ಬರೆದಿದ್ದರೂ ಅವು ಕರೆಂಟಿನ ಅಲೆಯನ್ನು ಕತ್ತರಿಸಿ ಕೊಡುತ್ತವೆ, ಮೋಟರಿಗೂ ಎಲೆಕ್ಟ್ರಾನಿಕ್ ನಿಯಂತ್ರಣಕ್ಕೂ ಅದು ಒಗ್ಗುವುದಿಲ್ಲ.

ನಿಮಗೆ ಬೇಕಾದ್ದು ತಾಮ್ರದ ಸುರುಳಿಯ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್, 230ರಿಂದ 110ಕ್ಕೆ ಇಳಿಸುವಂಥದ್ದು. ಮಿಕ್ಸರು 325 ವ್ಯಾಟಿನದಾದರೂ ಮೋಟರು ಶುರುವಾಗುವಾಗ, ಗಟ್ಟಿ ಹಿಟ್ಟಿನಲ್ಲಿ ಸಿಕ್ಕಾಗ ಹೆಚ್ಚು ಎಳೆಯುತ್ತದೆ. ಅದಕ್ಕಾಗಿ 750 ವಿ.ಎ.ಗಿಂತ (ವೋಲ್ಟ್-ಆಂಪಿಯರ್, ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯದ ಅಳತೆ) ಕಡಿಮೆಯದು ಬೇಡ, 1000 ವಿ.ಎ. ಇದ್ದರೆ ನಿಶ್ಚಿಂತೆ. ಅದು ಹಲವು ಕಿಲೋ ತೂಗುತ್ತದೆ, ತೂಕವಿಲ್ಲದ್ದನ್ನು ಕೊಳ್ಳಬೇಡಿ. ಅಮೆರಿಕದ ಮೂರು ಪಿನ್ ಹಿಡಿಯುವ, ಅರ್ಥಿಂಗ್ ಇರುವ ಸಾಕೆಟ್ ಮತ್ತು ಫ್ಯೂಸ್ ಅದರಲ್ಲಿ ಇರಲಿ. ಮಿಕ್ಸರಿನ ಪ್ಲಗ್ ಕತ್ತರಿಸಿ ನಮ್ಮ ಪ್ಲಗ್ ಹಾಕಿಸಬೇಡಿ, ಹಾಗೆ ಮಾಡಿದರೆ ಒಂದಲ್ಲ ಒಂದು ದಿನ ಅದು ನೇರ ಗೋಡೆಯ ಸಾಕೆಟ್ಟಿಗೆ ಹೋಗುವುದು ಖಚಿತ. ಊರಲ್ಲಿ ವೋಲ್ಟೇಜ್ ಏರಿಳಿಯುವ ಚಿಂತೆ ಇದ್ದರೆ ಕೇಳಿ: 230ಕ್ಕೆ 110 ಕೊಡುವ ಟ್ರಾನ್ಸ್‌ಫಾರ್ಮರ್ ಲೈನಿನಲ್ಲಿ 250 ಬಂದಾಗ ಸುಮಾರು 120 ಕೊಡುತ್ತದೆ, ಅದು ನಿಮ್ಮ ಮಿಕ್ಸರಿಗೆ ಸರಿಯಾದ ಅಳತೆಯೇ.

60 ಹರ್ಟ್ಸ್ ಎಂಬುದಕ್ಕೆ ಎಷ್ಟು ತಲೆ ಕೆಡಿಸಿಕೊಳ್ಳಬೇಕು? ಟ್ರಾನ್ಸ್‌ಫಾರ್ಮರ್ ಹರ್ಟ್ಸನ್ನು ಬದಲಿಸುವುದಿಲ್ಲ. ಸ್ಟ್ಯಾಂಡ್ ಮಿಕ್ಸರುಗಳಲ್ಲಿ ಸಾಮಾನ್ಯವಾಗಿ ಇರುವುದು ಕಾರ್ಬನ್ ಬ್ರಷ್ ಇರುವ ಮೋಟರು. ಅದಕ್ಕೆ 50 ಆದರೇನು, 60 ಆದರೇನು, ದೊಡ್ಡ ಫರಕಿಲ್ಲ. ಬ್ರಷ್ ಇಲ್ಲದ ಇಂಡಕ್ಷನ್ ಮೋಟರಿನ ಸಾಮಾನುಗಳು ಮಾತ್ರ 50 ಹರ್ಟ್ಸ್‌ನಲ್ಲಿ ನಿಧಾನವಾಗಿ ತಿರುಗಿ ಬಿಸಿಯಾಗುತ್ತವೆ. ನಿಮ್ಮದು ಯಾವುದೆಂದು ಮಗ ಕೈಪಿಡಿ ನೋಡಿ ಹೇಳಬಲ್ಲ. ಮುಂದೆ ಅವನು ಏನೇ ತರುವುದಾದರೂ ಅಂಗಡಿಯಲ್ಲೇ ಲೇಬಲ್ ಓದಲಿ. "100–240 ವೋಲ್ಟ್, 50/60 ಹರ್ಟ್ಸ್" ಎಂದಿದ್ದರೆ ಪಿನ್ ಅಡಾಪ್ಟರ್ ಸಾಕು.

ಟ್ರಾನ್ಸ್‌ಫಾರ್ಮರಿಗೆ ಕೆಲವು ಸಾವಿರ ಖರ್ಚಾಗುತ್ತದೆ. ಅಷ್ಟು ಖರ್ಚು ಮಾಡುವಷ್ಟು ಅದು ನಿಮಗೆ ಉಪಯೋಗಕ್ಕೆ ಬರುತ್ತದೆಯೇ? ಜೋಳದ ಹಿಟ್ಟಿಗೆ ಬರುವುದಿಲ್ಲ. ಜೋಳದಲ್ಲಿ ಗ್ಲುಟೆನ್ (ಗೋಧಿ ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್) ಇಲ್ಲ. ಎಸರಿನ ಬಿಸಿಗೆ ಪಿಷ್ಟ ಅಂಟಾಗಿ, ಅಂಗೈಯ ಹಿಮ್ಮಡಿಯಲ್ಲಿ ಒತ್ತಿ ಒತ್ತಿ ನಾದಿದಾಗ ಅದು ಕೂಡಿಕೊಳ್ಳುತ್ತದೆ. ಮಿಕ್ಸರಿನ ಕೊಕ್ಕೆ ಹಿಟ್ಟನ್ನು ಪಾತ್ರೆಯ ಗೋಡೆಗೆ ತಳ್ಳುತ್ತ ಸುತ್ತುತ್ತದೆ ಅಷ್ಟೇ. ಇಡ್ಲಿ ಹಿಟ್ಟು, ಚಟ್ನಿ ರುಬ್ಬಲೂ ಅದು ಹುಟ್ಟಿದ್ದಲ್ಲ. ಆದರೆ ಹೋಳಿಗೆಯ ಕಣಕಕ್ಕೆ ಅದರಷ್ಟು ಒಳ್ಳೆಯ ಕೈ ಇನ್ನೊಂದಿಲ್ಲ. ಅರ್ಧ ಕಿಲೋ ಮೈದಾ ಅಥವಾ ಚಿರೋಟಿ ರವೆ, ಚಿಟಿಕೆ ಅರಿಸಿನ, ಉಪ್ಪು, ನೀರು ಹಾಕಿ ಕೊಕ್ಕೆ ಸಿಕ್ಕಿಸಿ ಕಡಿಮೆ ವೇಗದಲ್ಲಿ ಎಂಟು ಹತ್ತು ನಿಮಿಷ ಬಿಡಿ. ಎಣ್ಣೆಯನ್ನು ಮೊದಲೇ ಸುರಿಯಬೇಡಿ. ಗ್ಲುಟೆನ್ ಎಳೆ ಕಟ್ಟಿದ ಮೇಲೆ, ಕಣಕ ಪಾತ್ರೆ ಬಿಟ್ಟು ಕೊಕ್ಕೆಗೆ ಸುತ್ತಿಕೊಳ್ಳತೊಡಗಿದಾಗ, ಸ್ವಲ್ಪ ಸ್ವಲ್ಪ ಹಾಕುತ್ತ ಹೋಗಿ. ಬೆರಳಲ್ಲಿ ಎಳೆದರೆ ಹರಿಯದೆ ಪಾರದರ್ಶಕವಾಗಿ ಹಿಗ್ಗಬೇಕು. ಎರಡು ಗಂಟೆ ನೆನೆದರೆ ಹೂರಣ ಎಷ್ಟು ತುಂಬಿದರೂ ಒಡೆಯುವುದಿಲ್ಲ. ಕೆನೆ ಕಡೆದು ಬೆಣ್ಣೆ ತೆಗೆಯಲೂ ಅದು ಬರುತ್ತದೆ, ಬೇಸನ್ ಉಂಡಿಗೆ ತುಪ್ಪ-ಸಕ್ಕರೆ ನೊರೆಸಲೂ ಬರುತ್ತದೆ. ಕೆನೆ ಕಡೆಯುವಾಗ ಮೇಲೆ ಬಟ್ಟೆ ಹೊದಿಸಿ, ಮಜ್ಜಿಗೆ ಬಿಡುವ ಹೊತ್ತಿಗೆ ಸಿಡಿಯುತ್ತದೆ. 58ರ ವಯಸ್ಸಿಗೆ ಮಣಿಕಟ್ಟು, ಭುಜ ನೋಯುತ್ತಿದ್ದರೆ, ಹಬ್ಬಕ್ಕೆ ನೂರು ಹೋಳಿಗೆ ಮಾಡುವ ಮನೆಯಾದರೆ, ಟ್ರಾನ್ಸ್‌ಫಾರ್ಮರ್ ಕೊಳ್ಳಿ ಎಂದೇ ನನ್ನ ಸಲಹೆ. ವರ್ಷಕ್ಕೆ ಎರಡು ಸಲ ಹೋಳಿಗೆ ಮಾಡುವವರಾದರೆ ಬೇಡ. ಡಬ್ಬ ಒಡೆಯದೆ ಇಟ್ಟು, ಅಮೆರಿಕಕ್ಕೆ ಹೋಗುವ ಬಂಧುಗಳಿಗೆ ಕೊಡುವ ವಿಚಾರವನ್ನು ಮಗನ ಜೊತೆ ಬಿಚ್ಚಿ ಮಾತಾಡಿ. ಕಪಾಟಿನಲ್ಲಿ ಐದು ವರ್ಷ ಕೂತಿರುವುದನ್ನು ಕಂಡರೆ ಅವನಿಗೆ ಆಗುವ ಬೇಸರ ಇದಕ್ಕಿಂತ ದೊಡ್ಡದು.

ಸೊಸೆ ಕೊಟ್ಟ ಕಿಟ್ಟಿನ ಬಗ್ಗೆ ನಿಮಗಿರುವ ಅನುಮಾನ ಪತ್ರದಲ್ಲಿ ಬರೆಯದಿದ್ದರೂ ನನಗೆ ಕಾಣುತ್ತದೆ: ಇದು ನಮ್ಮ ಕಸೂತಿಗೆ ಆಗುತ್ತದೆಯೇ? ಆಗುತ್ತದೆ. ಆ ಚೌಕಳಿ ಬಟ್ಟೆಗೆ ಐಡಾ ಎನ್ನುತ್ತಾರೆ. 14 ಕೌಂಟ್ ಎಂದಿದ್ದರೆ ಇಂಚಿಗೆ 14 ಚೌಕ. ಕಸೂತಿ ಎಳೆ ಎಣಿಸಿ ಹಾಕುವ ಕೆಲಸ, ಬಟ್ಟೆಯ ಮೇಲೆ ಗೆರೆ ಎಳೆಯುವ ಹಾಗಿಲ್ಲ. ಹಾಗಾಗಿ ಚೌಕ ಎದ್ದು ಕಾಣುವ ಬಟ್ಟೆಯಲ್ಲಿ ಗವಂತಿ, ಮುರ್ಗಿ, ಮೆಂತ್ಯ ಎಂಬ ಮೂರೂ ಹೊಲಿಗೆ ಸಲೀಸು. ನೇಯ್ದಂತೆ ಕಾಣುವ ನೇಗಿ ಹೊಲಿಗೆಗೆ ಮಾತ್ರ ಅದು ಒರಟು. ದಾರ ಆರು ಎಳೆಯದು, ಒಂದೋ ಎರಡೋ ಎಳೆ ಬಿಡಿಸಿಕೊಂಡು ಹಾಕಿ. ಕೆಂಪು, ಕಪ್ಪು ದಾರವನ್ನು ಮೊದಲು ಒದ್ದೆ ಬಿಳಿ ಬಟ್ಟೆಯ ನಡುವೆ ಒತ್ತಿ ನೋಡಿ, ಬಣ್ಣ ಬಿಟ್ಟರೆ ಇಳಕಲ್ ಸೀರೆಯ ಹತ್ತಿರ ತರಬೇಡಿ. ಎಳೆ ಎಣಿಸಲಾಗದ ನುಣುಪು ಸೀರೆಗೆ ಕಸೂತಿ ಹಾಕುವ ಆಸೆಯಿದ್ದರೆ ಮೇಲೆ ತೆಳು ಕ್ಯಾನ್ವಾಸ್ ತೇಪೆ ಹಾಕಿ, ಕೆಲಸ ಮುಗಿದ ಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವ ಕ್ರಮ ನಿಮಗೆ ಗೊತ್ತೇ ಇರಬೇಕು.

ರೆಸಿನ್ ಕಿಟ್ಟಿನ ಬಗ್ಗೆ ನಾನು ಕಟ್ಟುನಿಟ್ಟಾಗಿಯೇ ಹೇಳುತ್ತೇನೆ. ಇಂಥ ಕಿಟ್ಟಿನಲ್ಲಿ ಸಾಮಾನ್ಯವಾಗಿ ಇರುವುದು ಎಪಾಕ್ಸಿ ಎಂಬ ಬಗೆಯ ರೆಸಿನ್. ಅದರಲ್ಲಿ ಎರಡು ಬಾಟಲಿ: ಒಂದು ರೆಸಿನ್, ಇನ್ನೊಂದು ಗಟ್ಟಿಯಾಗಿಸುವ ಹಾರ್ಡನರ್. ಬೆರೆಸಿದಾಗ ಎರಡರ ಅಣುಗಳೂ ಕೂಡಿ ಗಾಜಿನಂತೆ ಗಟ್ಟಿಯಾಗುತ್ತದೆ. ಸರಿಯಾಗಿ, ಪೂರ್ತಿಯಾಗಿ ಗಟ್ಟಿಯಾದ ಮೇಲೆ ಮುಟ್ಟಲು ಅಪಾಯವಿಲ್ಲ. ತೊಂದರೆ ಇರುವುದು ದ್ರವವಾಗಿರುವಾಗ. ಡಬ್ಬದ ಮೇಲೆ "ವಿಷವಲ್ಲ" ಎಂದಿದ್ದರೂ ರೆಸಿನ್, ಹಾರ್ಡನರ್ ಎರಡೂ ಚರ್ಮಕ್ಕೆ ಅಲರ್ಜಿ ತರಬಲ್ಲವು. ಮೊದಲ ಹಲವು ಸಲ ಏನೂ ಆಗದೆ ಇರಬಹುದು. ಒಮ್ಮೆ ಅಲರ್ಜಿ ಶುರುವಾದರೆ ಅದು ಸಾಮಾನ್ಯವಾಗಿ ಬದುಕಿಡೀ ಉಳಿಯುತ್ತದೆ. ಆಮೇಲೆ ಸ್ವಲ್ಪವೇ ತಗುಲಿದರೂ ಕೈ, ಮುಖ, ರೆಪ್ಪೆ ತುರಿಸಿ ಊದುತ್ತವೆ. ನಿಮ್ಮ ಎರಡು ಹವ್ಯಾಸವೂ ಬೆರಳಿನವು, ಆ ಬೆರಳುಗಳನ್ನು ಒಂದು ಚಹಾ ಬಿಲ್ಲೆಗಾಗಿ ಪಣಕ್ಕಿಡಬೇಡಿ. ಮಾಡಲೇಬೇಕೆಂದರೆ ನೈಟ್ರೈಲ್ ಕೈಗವಸು ಹಾಕಿ, ಅಡುಗೆಮನೆಯ ಹೊರಗೆ, ಗಾಳಿಯಾಡುವ ಪಡಸಾಲೆಯಲ್ಲಿ ಮಾಡಿ. ಅಡುಗೆಯ ಅಳತೆ ಬಟ್ಟಲು, ಚಮಚ ಅದಕ್ಕೆ ತಾಗಬಾರದು. ಎರಡೂ ಬಾಟಲಿಯ ಅಳತೆ ಕಿಟ್ಟಿನಲ್ಲಿ ಹೇಳಿದಷ್ಟೇ ಇರಲಿ. ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ, ಉಳಿದದ್ದು ಹಾಗೇ ಅಂಟಂಟಾಗಿ ಉಳಿಯುತ್ತದೆ. ಒಂದೇ ಲೋಟದಲ್ಲಿ ಬಹಳ ಬೆರೆಸಿಟ್ಟರೆ ತನ್ನಷ್ಟಕ್ಕೇ ಕಾದು ಹೊಗೆಯಾಡುತ್ತದೆ.

ಇನ್ನು ಚಹಾ ಲೋಟದ ಬಿಲ್ಲೆ. ಹವ್ಯಾಸಕ್ಕೆ ಮಾರುವ ಸಾಧಾರಣ ರೆಸಿನ್‌ಗಳು 50ರಿಂದ 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತವೆ. ಸ್ಟೀಲ್ ಲೋಟದ ಬಿಸಿ ಚಹಾ ಅದಕ್ಕಿಂತ ಬಿಸಿ. ಲೋಟ ಎತ್ತಿದಾಗ ಅಚ್ಚು ಉಳಿಯುತ್ತದೆ, ಕೆಲವೊಮ್ಮೆ ಬಿಲ್ಲೆಯೇ ಲೋಟಕ್ಕೆ ಅಂಟಿ ಬರುತ್ತದೆ. ಅದರಲ್ಲಿ ತಟ್ಟೆ ಮಾಡಿ ತಿಂಡಿ ಬಡಿಸುವ ಯೋಚನೆಯೂ ಬೇಡ.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ನಿಮ್ಮ ಕಸೂತಿ. ರೆಸಿನ್ ಒಳಗಿಳಿದ ಬಟ್ಟೆ ಶಾಶ್ವತವಾಗಿ ನೆನೆದಂತೆ ಕಪ್ಪಾಗುತ್ತದೆ, ಹಿಂದಿನ ನೇಯ್ಗೆ ಇಣುಕುತ್ತದೆ, ಬಿಸಿಲು ಬಿದ್ದರೆ ರೆಸಿನ್ ಹಳದಿಗಟ್ಟುತ್ತದೆ. ಒಮ್ಮೆ ಹಾಕಿದ ಮೇಲೆ ತೆಗೆಯುವ ದಾರಿಯೇ ಇಲ್ಲ. ಗಂಟು ಹಾಕದೆ, ಹೋದ ದಾರಿಯಲ್ಲೇ ಹಿಂದಿರುಗುತ್ತ, ಎರಡು ಬದಿಯೂ ಒಂದೇ ಸಮ ಕಾಣುವಂತೆ ನೀವು ಹಾಕಿದ ಗವಂತಿಯ ಹಿಂಬದಿ ಅಲ್ಲಿಗೆ ಮುಚ್ಚಿಹೋಗುತ್ತದೆ. ಆ ತುಂಡುಗಳನ್ನು ಎರಡು ಗಾಜಿನ ನಡುವೆ, ಅಂಚಿಗೆ ಕಾಗದದ ಪಟ್ಟಿ ಕೊಟ್ಟು ಬಟ್ಟೆ ಗಾಜಿಗೆ ಒತ್ತದಂತೆ ಫ್ರೇಮ್ ಹಾಕಿಸಿ. ಗೋಪುರ, ತೇರು, ಆನೆ ಎರಡು ಕಡೆಯಿಂದಲೂ ಕಾಣಲಿ. ತಂಗಿಯ ಮಗಳನ್ನು ಕರೆದು ರೆಸಿನ್ ಕಿಟ್ಟನ್ನು ಅವಳ ಕೈಗೇ ಕೊಡಿ, ಒಣಗಿದ ಹೂವು, ಎಲೆ ಹಾಕಿ ಪುಸ್ತಕದ ಗುರುತನ್ನೋ ಕೀಲಿಯ ಗೊಂಚಲನ್ನೋ ಮಾಡಿಕೊಡು ಎನ್ನಿ. ಕೈಗವಸಿನ ಮಾತನ್ನು ಅವಳಿಗೂ ಹೇಳಿ.

ಕೊಟ್ಟವರಿಗೆ ಹೇಗೆ ಹೇಳುವುದೆಂದು ಕೇಳಿದ್ದೀರಿ. ಬಳಸಿದ್ದನ್ನು ತೋರಿಸಿ, ಬಳಸಲಾಗದ್ದಕ್ಕೆ ಕಾರಣ ಹೇಳಿ. ಮಗಳಿಗೆ ಎದ್ದ ದೋಸೆಯ ಫೋಟೊ ಕಳಿಸಿ. ನಾದಿನಿಗೆ ಕಲಾಯಿಯ ವಿಷಯ ತಿಳಿಸಿ, ಅವರ ಮನೆಯಲ್ಲೂ ಅಂಥದ್ದೇ ಬೋಗುಣಿ ಇದ್ದರೆ ಅವರಿಗೂ ಈ ಮಾತು ಬೇಕು. ಮುಂದಿನ ಹಬ್ಬಕ್ಕೆ "ಏನು ತರಲಿ" ಎಂದು ಕೇಳಿದಾಗ "ಏನೂ ಬೇಡಪ್ಪ" ಎನ್ನಬೇಡಿ, ಹಾಗೆ ಅಂದಾಗಲೇ ಅವರು ತಮಗೆ ತೋಚಿದ್ದನ್ನು ತರುವುದು. ಹೆಸರು ಹಿಡಿದು ಕೇಳಿ: ಎಳೆಯನ್ನು ಸೀಳದ ಮೊಂಡು ತುದಿಯ 24 ಮತ್ತು 26ನೇ ನಂಬರಿನ ಟೇಪ್‌ಸ್ಟ್ರಿ ಸೂಜಿ, ಇಂಚಿಗೆ 28 ಎಳೆಯ ಸಮ ನೇಯ್ಗೆಯ ಲಿನನ್ ಒಂದು ಗಜ, ಕುತ್ತಿಗೆಗೆ ಹಾಕಿಕೊಳ್ಳುವ ಭೂತಗನ್ನಡಿ, ಒಲೆಯ ಪಕ್ಕಕ್ಕೆ ಒಂದು ಡಿಜಿಟಲ್ ತೂಕದ ಯಂತ್ರ. ಸೂಟ್‌ಕೇಸಿನಲ್ಲಿ ಅಂಗೈಯಷ್ಟೇ ಜಾಗ ಹಿಡಿಯುವ ಆ ಸೂಜಿಗಳು ನಿಮ್ಮ ಕೈಯಲ್ಲಿ ದಿನವೂ ಇರುತ್ತವೆ.